ದಂಡಿನ ಚರಂಡಿ, ಕೋಲಾರದ ಕೆರೆ, ಕಡಲೂರಿನ ಅಳಿವೆ

ಪುಲಿಕೇಶಿನಗರದ ಬಚ್ಚಲ ನೀರಿಗೂ ಬಂಗಾಳಕೊಲ್ಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಬಹಳ ಮಂದಿ ನಕ್ಕುಬಿಡಬಹುದು. ಸಂಬಂಧವುಂಟು. ಆ ಸಂಬಂಧದ ನಡುವೆ ಸಿಕ್ಕಿಕೊಂಡಿರುವವರು ಕೋಲಾರ ಜಿಲ್ಲೆಯ ನಾವು. ಆದ್ದರಿಂದ ಬೆಂಗಳೂರಿನ ದೊಡ್ಡ ಪತ್ರಿಕೆಗಳು ಈ ವಿಷಯ ಬರೆಯಲಿ ಬಿಡಲಿ, ನಮ್ಮಂಥ ಜಿಲ್ಲಾ ಪತ್ರಿಕೆಗೆ ಬರೆಯದೆ ಗತ್ಯಂತರವಿಲ್ಲ.

ದಾರಿ ಹೀಗಿದೆ. ಬೆಂಗಳೂರು ದಿಣ್ಣೆಯ ಮೇಲೆ ಕೂತ ಊರು. ಅದರ ಕೊಳೆ ನೀರು ಮುಖ್ಯವಾಗಿ ಮೂರು ಕಣಿವೆಗಳಲ್ಲಿ ಇಳಿಯುತ್ತದೆ: ವೃಷಭಾವತಿ, ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ. ವೃಷಭಾವತಿಯದು ಅರ್ಕಾವತಿಯ ಮೂಲಕ ಕಾವೇರಿಯ ಪಾಲು. ಮಿಕ್ಕ ಎರಡೂ ಪೂರ್ವಕ್ಕೆ ಹರಿದು ದಕ್ಷಿಣ ಪಿನಾಕಿನಿಯ ಪಾಲು. ದಂಡಿನ ಬಹುಭಾಗವು, ಎಂದರೆ ಶಿವಾಜಿನಗರ, ಜಯಮಹಲ್, ಪುಲಿಕೇಶಿನಗರ, ಕಾಕ್ಸ್‌ಟೌನ್ ಮೊದಲಾದುವು, ಹಲಸೂರು ಕೆರೆಯ ಕಡೆಗೆ ವಾಲಿಕೊಂಡಿದೆ. ಜಯಮಹಲ್, ದೊಡ್ಡಿಗುಂಟೆ, ಕಾಡುಗೊಂಡನಹಳ್ಳಿಗಳ ಕಡೆಯಿಂದ ಬರುವ ರಾಜಕಾಲುವೆಗಳು ಆ ಕೆರೆಗೆ ಬಂದು ಸೇರುತ್ತವೆ. ಹಲಸೂರು ಕೆರೆ ಕೋಡಿ ಹರಿದದ್ದು ಚಲ್ಲಘಟ್ಟದ ದಾರಿಯಲ್ಲಿ ಬೆಳ್ಳಂದೂರಿಗೆ, ಬೆಳ್ಳಂದೂರಿನದು ವರ್ತೂರಿಗೆ, ವರ್ತೂರಿನದು ಪಿನಾಕಿನಿಗೆ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಆ ನದಿ ತಮಿಳುನಾಡಿನಲ್ಲಿ ತೆನ್‌ಪೆಣ್ಣೈ ಎನಿಸಿಕೊಂಡು, ಹೊಸೂರಿನ ಕೆಲವರಪಳ್ಳಿ ಅಣೆಕಟ್ಟು, ಕೃಷ್ಣಗಿರಿ, ಸಾತನೂರು ದಾಟಿ, ಸುಮಾರು 400 ಕಿಲೋಮೀಟರು ನಡೆದು ಕಡಲೂರಿನ ಬಳಿ ಸಮುದ್ರ ಸೇರುತ್ತದೆ. ನದಿಯೂ ಸಮುದ್ರವೂ ಕೂಡುವ ಆ ಜಾಗಕ್ಕೆ ನಮ್ಮ ಕರಾವಳಿಯವರು ಅಳಿವೆ ಎನ್ನುತ್ತಾರೆ.

ಇನ್ನೊಂದು ದಾರಿ ಹೊಸದು, ಮನುಷ್ಯರು ಮಾಡಿದ್ದು. ಇದೇ ಕಣಿವೆಯ ಒಳಚರಂಡಿ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ, ಸುಮಾರು 50 ಕಿಲೋಮೀಟರು ಕೊಳವೆಯಲ್ಲಿ ಎತ್ತಿ ತಂದು 2018ರ ಜೂನ್‌ನಿಂದ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ. ದಿನಕ್ಕೆ 440 ದಶಲಕ್ಷ ಲೀಟರು, ನೂರಕ್ಕೂ ಹೆಚ್ಚು ಕೆರೆ, ಸಾವಿರ ಕೋಟಿ ರೂಪಾಯಿಗೆ ಮೀರಿದ ವೆಚ್ಚ, ಇದು ಕೆ.ಸಿ. ವ್ಯಾಲಿ ಯೋಜನೆಯ ಲೆಕ್ಕ. ದಂಡಿನ ಬಚ್ಚಲು ಈಗ ನಮ್ಮ ಲಕ್ಷ್ಮೀಸಾಗರ, ನರಸಾಪುರ ಕೆರೆಗಳಿಗೆ ಮೂಲಸ್ಥಾನ. ನೀರು ಎಂಥದು ಎಂದು ಯಾರು ನೋಡುತ್ತಾರೆ, ಯಾವಾಗ ನೋಡುತ್ತಾರೆ, ನೋಡಿದ್ದನ್ನು ಯಾರಿಗೆ ಹೇಳುತ್ತಾರೆ ಎಂಬುದೇ ನಮ್ಮ ಇಂದಿನ ವಿಷಯ.

ಪುಲಿಕೇಶಿನಗರ ಹುಟ್ಟಿದ್ದೇ ರೋಗಭಯದಿಂದ ಎಂಬುದನ್ನು ವಾಚಕರು ನೆನಪಿಡಬೇಕು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ದಂಡಿನ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸತ್ತರು. ಆಗ ಆಳುತ್ತಿದ್ದ ಬಿಳಿಯ ದೊರೆಗಳಿಗೆ ಚರಂಡಿ, ಗಾಳಿ, ಬೆಳಕು ಇವುಗಳ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಏಕೆಂದರೆ ಇಲಿಗೆ ಬಂಗಲೆ, ಗುಡಿಸಲು ಎಂಬ ಭೇದವಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅಗಲ ಬೀದಿ, ಹಿಂಬೀದಿ, ಚರಂಡಿಗಳನ್ನು ಗೆರೆ ಎಳೆದಂತೆ ಹಾಕಿ ಹೊಸ ಬಡಾವಣೆ ಕಟ್ಟಿದರು. ಅಂದಿನ ರೆಸಿಡೆಂಟ್ ಫ್ರೇಸರ್ ಸಾಹೇಬರ ಹೆಸರಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಸಾಹೇಬರ ಹೆಸರು ಹೋಗಿ ಚಾಲುಕ್ಯ ಚಕ್ರವರ್ತಿಯ ಹೆಸರು ಬಂತು. ಹೆಸರು ಬದಲಾಯಿಸುವ ಕೆಲಸದಲ್ಲಿ ನಮ್ಮ ಸರ್ಕಾರಗಳು ಎಂದೂ ಹಿಂದೆ ಬಿದ್ದಿಲ್ಲ. ಆದರೆ ನೂರು ವರ್ಷದ ಹಿಂದೆ ಕೆಲವು ಸಾವಿರ ಮನೆಗೆಂದು ಹಾಕಿದ ಇಳಿಜಾರಿನ ಮೇಲೆ ಈಗ ಲಕ್ಷಾಂತರ ಜನರ ಬದುಕು ಕೂತಿದೆ.

ಕೊಳೆ ಎಂದ ಕೂಡಲೆ ಬಡವರ ಕಡೆಗೆ ಬೆರಳು ತೋರಿಸುವವರು ಬಹಳ. ಟ್ಯಾನರಿ ರಸ್ತೆಯ ಕಸಾಯಿಖಾನೆ, ಕೊಳೆಗೇರಿ, ಶಿವಾಜಿನಗರದ ಗಲ್ಲಿ, ಇವೇ ಕೆರೆ ಕೆಡಿಸಿದವು ಎಂದು ಬಂಗಲೆಯ ಜಗುಲಿಯಲ್ಲಿ ಕೂತು ಹೇಳುವುದು ಸುಲಭ. ಕಸಾಯಿಖಾನೆಯ ನೀರು ಕಾಲುವೆಗೆ ಬರಬಾರದು, ನಿಜ. ಅದಕ್ಕೆ ಸಂಸ್ಕರಣೆ ಏರ್ಪಡಿಸತಕ್ಕವರು ಯಾರು? ಅಲ್ಲಿ ಕೂಲಿಗೆ ದುಡಿಯುವ ಕಸಾಯಿಯೋ, ನಗರಾಡಳಿತವೋ? ಕೊಡದಲ್ಲಿ ನೀರು ಹೊತ್ತು ತರುವ ಮನೆಯಿಂದ ಎಷ್ಟು ಕೊಳೆ ನೀರು ಹೊರಡಬಲ್ಲದು? ಮನೆಗೆ ಮೂರು ಸ್ನಾನದ ಕೋಣೆ, ಬಟ್ಟೆ ತೊಳೆಯುವ ಯಂತ್ರ, ಪಾತ್ರೆ ತೊಳೆಯುವ ಯಂತ್ರ ಇದ್ದಲ್ಲಿಂದ ಎಷ್ಟು ಹೊರಡುತ್ತದೆ? ಕುಡಿದ ನೀರಿನ ಲೆಕ್ಕದಲ್ಲೇ ಕೊಳೆಯ ಲೆಕ್ಕವೂ ಇದೆ. ಒದಗಿಸಿದ ನೀರಿನ ನೂರಕ್ಕೆ ಎಂಬತ್ತು ಪಾಲು ಚರಂಡಿಗೆ ಹೋಗುತ್ತದೆಂಬುದು ಎಂಜಿನಿಯರುಗಳೇ ಹಿಡಿಯುವ ಲೆಕ್ಕ.

ಹಲಸೂರು ಕೆರೆ ಸುಮಾರು 120 ಎಕರೆಯದು. ಕೆಂಪೇಗೌಡರ ವಂಶದವರು ಕಟ್ಟಿಸಿದ್ದೆಂದು ಪ್ರತೀತಿ. ದಂಡಿನವರು ಒಂದು ಕಾಲದಲ್ಲಿ ಇದರ ನೀರು ಕುಡಿಯುತ್ತಿದ್ದರು. 2016ರ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಈ ಕೆರೆಯ ದಡದಲ್ಲಿ ಸಾವಿರಾರು ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಧಿಕಾರಿಗಳು ಓಡಿ ಬಂದರು, ಸೀಸೆಗಳಲ್ಲಿ ನೀರು ತುಂಬಿಕೊಂಡರು, ಆಮ್ಲಜನಕ ಕಡಿಮೆಯಾಗಿತ್ತು ಎಂದರು. ಆಮ್ಲಜನಕ ಕಡಿಮೆಯಾದದ್ದು ಆ ಬೆಳಗಿನ ಸುದ್ದಿಯೇ?

ಇಲ್ಲಿ ಸ್ವಲ್ಪ ವಿವರಕ್ಕೆ ಇಳಿಯಬೇಕು. ಏಕೆಂದರೆ ಮೋಸವೆಲ್ಲ ವಿವರದಲ್ಲೇ ಅಡಗಿದೆ. ಕೊಳೆ ನೀರಿನೊಡನೆ ಕೆರೆಗೆ ಸಾರಜನಕ, ರಂಜಕಗಳು ಬರುತ್ತವೆ. ಇವು ಪಾಚಿಗೆ ಗೊಬ್ಬರ. ಪಾಚಿ ಹುಲುಸಾಗಿ ನೀರು ಹಸಿರಾಗುತ್ತದೆ. ಹಗಲು ಬಿಸಿಲಿದ್ದಾಗ ಆ ಪಾಚಿಯೇ ಆಮ್ಲಜನಕವನ್ನು ನೀರಿಗೆ ಬಿಡುತ್ತದೆ. ಮಧ್ಯಾಹ್ನ ಅಳೆದರೆ ಮಾಪಕವು ಒಳ್ಳೆಯ ಅಂಕವನ್ನೇ ತೋರಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಅದೇ ಪಾಚಿ ಉಸಿರಾಡಿ ಆಮ್ಲಜನಕವನ್ನು ತಿನ್ನುತ್ತದೆ. ಕೆಳಗಿನ ಕೆಸರಿನ ಸೂಕ್ಷ್ಮಜೀವಿಗಳೂ ತಿನ್ನುತ್ತವೆ. ಬೆಳಗಿನ ಜಾವ ನಾಲ್ಕೈದು ಗಂಟೆಗೆ ನೀರಿನಲ್ಲಿ ಉಸಿರು ಇರುವುದಿಲ್ಲ. ಮೀನು ಸಾಯುವುದು ಆಗ. ಬಿಸಿಲು ಏರಿದ ಮೇಲೆ ಕಚೇರಿಯ ವ್ಯಾನಿನಲ್ಲಿ ಬಂದು ದಡದಲ್ಲಿ ನಿಂತು ಸೀಸೆ ಅದ್ದಿಕೊಂಡು ಹೋಗುವವರಿಗೆ ಆ ಹೊತ್ತು ಸಿಕ್ಕುವುದಿಲ್ಲ. ಅವರು ಸುಳ್ಳು ಬರೆದರೆಂದು ನಾವು ಹೇಳುತ್ತಿಲ್ಲ. ಅವರ ಸೀಸೆ ಸತ್ಯವನ್ನೇ ಹೇಳುತ್ತದೆ, ಅವರ ಕಚೇರಿ ವೇಳೆಯ ಸತ್ಯವನ್ನು.

ಇನ್ನು ಬಿ.ಓ.ಡಿ. ಎಂಬ ಇನ್ನೊಂದು ಪರೀಕ್ಷೆಯುಂಟು. ನೀರಿನ ಕೊಳೆಯನ್ನು ಕೊಳೆಸಿ ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕು ಎಂಬುದರ ಅಳತೆ. ಮಿಂದರೆ ತೊಂದರೆಯಿಲ್ಲದ ನೀರಿಗೆ ಇದು ಲೀಟರಿಗೆ 3 ಮಿಲಿಗ್ರಾಂ ಮೀರಕೂಡದು. ಹಸಿ ಚರಂಡಿ ನೀರಿಗೆ ಸಾಮಾನ್ಯವಾಗಿ ಇನ್ನೂರು ಮುನ್ನೂರು ಇರುತ್ತದೆ. ಈ ಪರೀಕ್ಷೆಯ ಫಲ ಗೊತ್ತಾಗಲು ನಮ್ಮ ದೇಶದ ಪದ್ಧತಿಯಲ್ಲಿ 27 ಡಿಗ್ರಿ ಶಾಖದಲ್ಲಿ ಮೂರು ದಿನ ಬೇಕು. ತಿಂಗಳಿಗೊಮ್ಮೆ ಸೀಸೆ, ಮೂರು ದಿನಕ್ಕೆ ಫಲ, ಬಳಿಕ ಕಡತ, ಬಳಿಕ ಸಹಿ. ಮೀನು ಅಷ್ಟು ದಿನ ಕಾಯುವುದಿಲ್ಲ.

ಬಂದ ಫಲವನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು ಒಂದು ವರ್ಗೀಕರಣಕ್ಕೆ ಹಾಕುತ್ತಾರೆ. ಕೇಂದ್ರ ಮಂಡಳಿ ಮಾಡಿಕೊಟ್ಟ ಐದು ವರ್ಗಗಳಿವೆ: ಎ, ಬಿ, ಸಿ, ಡಿ, ಇ. ಎ ಎಂದರೆ ಕ್ರಿಮಿನಾಶಕ ಹಾಕಿ ಕುಡಿಯಬಹುದಾದದ್ದು. ಬಿ ಸ್ನಾನಕ್ಕೆ. ಸಿ ಪೂರ್ತಿ ಶುದ್ಧೀಕರಿಸಿ ಕುಡಿಯುವುದಕ್ಕೆ. ಡಿ ಮೀನಿಗೆ, ಕಾಡುಪ್ರಾಣಿಗೆ. ಇ ಬೇಸಾಯಕ್ಕೆ, ಕಾರ್ಖಾನೆಯ ಯಂತ್ರ ತಂಪು ಮಾಡುವುದಕ್ಕೆ. ಬೆಂಗಳೂರಿನ ನೂರಕ್ಕೂ ಹೆಚ್ಚು ಕೆರೆಗಳನ್ನು ಮಂಡಳಿ ಪರೀಕ್ಷಿಸುತ್ತದೆ. ವರ್ಷ ವರ್ಷವೂ ಬಹುಪಾಲು ಕೆರೆಗಳು ಡಿ, ಇ ವರ್ಗಗಳಲ್ಲಿ ಬೀಳುತ್ತವೆ. ಮನುಷ್ಯರಿಗೆ ಮಾಡಿದಂತೆ ನೀರಿಗೂ ಜಾತಿ ಮಾಡಿದ್ದಾರೆ ಎಂದು ನಮ್ಮ ಗೆಳೆಯರೊಬ್ಬರು ತಮಾಷೆ ಮಾಡುತ್ತಾರೆ. ತಮಾಷೆಯಲ್ಲಿ ಹುರುಳಿದೆ. ಮೇಲಿನ ವರ್ಗದ ನೀರು ಎಲ್ಲಿಂದ ಬಂದು ಯಾರ ಮನೆಗೆ ಹೋಗುತ್ತದೆ, ಕೆಳಗಿನ ವರ್ಗದ್ದು ಯಾವ ತಾಲ್ಲೂಕಿಗೆ ಹೋಗುತ್ತದೆ ನೋಡಿ.

ಕಾವೇರಿಯ ನೀರನ್ನು ನೂರು ಕಿಲೋಮೀಟರು ದೂರದಿಂದ, ಎಷ್ಟೋ ನೂರು ಅಡಿ ಮೇಲಕ್ಕೆ ಎತ್ತಿ ಬೆಂಗಳೂರಿಗೆ ತರುತ್ತಾರೆ. ಮೊದಲಿನ ಘಟ್ಟಗಳಲ್ಲಿ ದಿನಕ್ಕೆ 1,450 ದಶಲಕ್ಷ ಲೀಟರು. 2024ರ ಅಕ್ಟೋಬರಿನಲ್ಲಿ ಐದನೆಯ ಘಟ್ಟ ಉದ್ಘಾಟನೆಯಾಗಿ ಇನ್ನೂ 775 ಸೇರಿತು. 2018ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿ.ಎಂ.ಸಿ. ಹೆಚ್ಚುವರಿಯಾಗಿ ಸಿಕ್ಕಿತು. ಸಂತೋಷ. ನಗರದ ಬಡವರಿಗೂ ನೀರು ಬೇಕು. ಆದರೆ ಮಂಡ್ಯದ ರೈತನಿಂದ ಬಂದ ಆ ನೀರು ದಂಡಿನ ಮನೆಗಳಲ್ಲಿ ಮೈ ತೊಳೆದು ಪಿನಾಕಿನಿಯ ಕಡೆಗೆ ಇಳಿಯುತ್ತದೆ. ಪಡೆಯುವುದು ಒಂದು ನದಿಯಿಂದ, ಎಸೆಯುವುದು ಇನ್ನೊಂದು ನದಿಗೆ. ಪಡೆದದ್ದನ್ನು ಟಿ.ಎಂ.ಸಿ.ಯ ಎರಡನೆಯ ದಶಾಂಶದವರೆಗೆ ಅಳೆಯುವ ವಕೀಲರು ಎಸೆದದ್ದನ್ನು ಅದೇ ನಿಷ್ಠೆಯಿಂದ ಅಳೆದದ್ದನ್ನು ನಾವು ಕಂಡಿಲ್ಲ.

ಎಸೆದದ್ದು ಏನಾಯಿತು ಎಂಬುದನ್ನು ಬೆಳ್ಳಂದೂರು ಲೋಕಕ್ಕೆಲ್ಲ ತೋರಿಸಿತು. ಸುಮಾರು 900 ಎಕರೆಯ ಆ ಕೆರೆಯ ನೊರೆ 2015ರ ಮೇ ತಿಂಗಳಲ್ಲಿ ಹೊತ್ತಿಕೊಂಡಿತು. 2017ರ ಫೆಬ್ರವರಿಯಲ್ಲಿ ಮತ್ತೆ ಬೆಂಕಿ. 2018ರ ಜನವರಿಯಲ್ಲಿ ಹತ್ತಿದ್ದನ್ನು ಆರಿಸಲು ಸೈನಿಕರೇ ಬರಬೇಕಾಯಿತು. ನೀರಿಗೆ ಬೆಂಕಿ ಹತ್ತುವುದನ್ನು ನಮ್ಮ ಅಜ್ಜಂದಿರು ಹೇಳಿದ್ದರೆ ಮಕ್ಕಳು ಕಥೆಯೆಂದು ಕೇಳಿ ಮಲಗುತ್ತಿದ್ದರು. ಮಾರ್ಜಕದ ಪುಡಿಗಳಲ್ಲಿರುವ ನೊರೆಕಾರಿ ವಸ್ತು ಕೆರೆಯ ಕೆಸರಿನಲ್ಲಿ ವರ್ಷಗಟ್ಟಲೆ ಕೂಡಿಕೊಂಡಿರುತ್ತದೆ. ಮಳೆ ಬಂದು ಕಲಕಿದಾಗ, ಕೋಡಿಯಲ್ಲಿ ಧುಮುಕಿದಾಗ ಅದು ನೊರೆಯಾಗಿ ಮನೆಯೆತ್ತರ ಏಳುತ್ತದೆ. ಕೆಸರಿನಿಂದ ಏಳುವ ಮಿಥೇನ್ ಅನಿಲ, ದಡದ ಕಸ, ಒಣಗಿದ ಕಳೆ ಇವುಗಳಿಗೆ ಒಂದು ಕಿಡಿ ಸಾಕು.

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2017ರಲ್ಲಿ ತಾನಾಗಿ ಮೊಕದ್ದಮೆ ಕೈಗೆತ್ತಿಕೊಂಡಿತು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ 500 ಕೋಟಿ ರೂಪಾಯಿ ತೆಗೆದಿಡಬೇಕು, ಸರ್ಕಾರ 50 ಕೋಟಿ, ಅಂದಿನ ಮಹಾನಗರ ಪಾಲಿಕೆ 25 ಕೋಟಿ ದಂಡ ತೆರಬೇಕು ಎಂದಿತು; ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ಅಧ್ಯಕ್ಷತೆಯಲ್ಲಿ ಮೇಲ್ವಿಚಾರಣಾ ಸಮಿತಿಯನ್ನೂ ಮಾಡಿತು. ಸರ್ಕಾರ ತೆರುವ ದಂಡ ಯಾರ ಹಣ? ಕೋಲಾರದ ರೈತ ಬೆಂಕಿಪೊಟ್ಟಣ ಕೊಂಡಾಗ ಕೊಟ್ಟ ತೆರಿಗೆಯೂ ಅದರಲ್ಲುಂಟು. ತಪ್ಪಿತಸ್ಥ ಅಧಿಕಾರಿಯ ಸಂಬಳದಿಂದ ಒಂದು ಕಾಸು ಹೋಗುವುದಿಲ್ಲ. ಬಳಿಕ ಹೂಳೆತ್ತುವ ಕೆಲಸ ಶುರುವಾಯಿತು, ಗಡುವಿನ ಮೇಲೆ ಗಡುವು ದಾಟಿತು. ಈ ನಡುವೆ ಪಾಲಿಕೆಯೇ ಇಲ್ಲವಾಗಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಐದು ನಗರಪಾಲಿಕೆಗಳೂ ಬಂದಿವೆ. ಒಂದೇ ಕಾಲುವೆ ಒಬ್ಬರ ಗಡಿಯಲ್ಲಿ ಹುಟ್ಟಿ ಇನ್ನೊಬ್ಬರ ಗಡಿಯಲ್ಲಿ ಹರಿದರೆ ಅದರ ಹೊಣೆ ಯಾರದು ಎಂಬ ಚರ್ಚೆಯಲ್ಲೇ ಮುಂದಿನ ಹತ್ತು ವರ್ಷ ಕಳೆಯದಿರಲಿ.

ಈಗ ನಮ್ಮ ಮನೆಗೆ ಬರೋಣ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿದವು. ಬಂದ ನೀರಿನಲ್ಲಿ ಫ್ಲೋರೈಡು. ಹೀಗಿರುವಾಗ ಯಾರಾದರೂ ನೀರು ಕೊಡುತ್ತೇವೆ ಎಂದರೆ ಬೇಡವೆನ್ನುವ ಶಕ್ತಿ ಬಾಯಾರಿದವನಿಗೆ ಎಲ್ಲಿಂದ ಬರಬೇಕು? ಕೆ.ಸಿ. ವ್ಯಾಲಿಯ ನೀರು ಬಂದ ಮೇಲೆ ಎಷ್ಟೋ ಊರುಗಳಲ್ಲಿ ಬತ್ತಿದ ಬಾವಿಗಳಲ್ಲಿ ನೀರು ಏರಿದೆ, ಬೇಸಾಯ ಚಿಗುರಿದೆ. ಇದನ್ನು ಅಲ್ಲಗಳೆಯುವುದು ಅನ್ಯಾಯ. ಈ ನೀರು ಬೇಡವೆಂದು ನಾವು ಬರೆಯುತ್ತಿಲ್ಲ. ಆದರೆ ನೀರು ಬಂದ ಎರಡನೆಯ ತಿಂಗಳಿಗೇ, 2018ರ ಜುಲೈನಲ್ಲಿ, ಲಕ್ಷ್ಮೀಸಾಗರದಲ್ಲಿ ನೊರೆ ಕಾಣಿಸಿಕೊಂಡಿತು. ಪಂಪು ನಿಲ್ಲಿಸಿದರು. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ಹೈಕೋರ್ಟಿನಲ್ಲಿ ತಡೆ, ತೆರವು, ಸುಪ್ರೀಂ ಕೋರ್ಟಿನಲ್ಲಿ ಮತ್ತೆ ತಡೆ, ಮತ್ತೆ ತೆರವು. ಹೋರಾಟದವರ ಬೇಡಿಕೆ ಸರಳವಾದದ್ದು: ಎರಡನೆಯ ಹಂತಕ್ಕೆ ನಿಲ್ಲಿಸಬೇಡಿ, ಮೂರನೆಯ ಹಂತದ ಸಂಸ್ಕರಣೆ ಮಾಡಿ ಕಳುಹಿಸಿ.

ಎರಡು, ಮೂರು ಎಂಬ ಈ ಹಂತಗಳ ವ್ಯತ್ಯಾಸ ರೈತನಿಗೆ ತಿಳಿಯಬೇಕು. ಎರಡನೆಯ ಹಂತದಲ್ಲಿ ಕೊಳೆಯುವ ವಸ್ತು ಬಹುಮಟ್ಟಿಗೆ ಹೋಗುತ್ತದೆ. ನೀರು ಕಣ್ಣಿಗೆ ತಿಳಿಯಾಗಿ ಕಾಣುತ್ತದೆ, ವಾಸನೆ ಕಡಿಮೆಯಾಗುತ್ತದೆ. ಆದರೆ ಸಾರಜನಕ, ರಂಜಕ, ರೋಗಾಣು, ಕಾರ್ಖಾನೆಯಿಂದ ಕದ್ದು ಬಿಟ್ಟ ಲೋಹಾಂಶ ಇವು ಆ ಹಂತದಲ್ಲಿ ಪೂರ್ತಿ ಹೋಗುವುದಿಲ್ಲ. ಕೆರೆಯಲ್ಲಿ ನಿಂತ ನೀರು ನೆಲಕ್ಕೆ ಇಂಗುತ್ತದೆ. ನೆಲಕ್ಕೆ ಇಂಗಿಸುವುದೇ ಯೋಜನೆಯ ಉದ್ದೇಶ. ಇಂಗಿದ್ದನ್ನು ಪಕ್ಕದ ಕೊಳವೆಬಾವಿ ಎತ್ತುತ್ತದೆ, ಆ ನೀರನ್ನು ಊರಿನ ಮಕ್ಕಳು ಕುಡಿಯುತ್ತಾರೆ. ಕಾಗದದ ಮೇಲೆ ಅದು ಕುಡಿಯುವ ನೀರಿನ ಯೋಜನೆಯಲ್ಲ. ಬಾವಿಗೆ ಕಾಗದ ಓದಲು ಬರುವುದಿಲ್ಲ. ಆದುದರಿಂದ ಕೆರೆಯ ನೀರನ್ನು ಮಾತ್ರ ಅಳೆದರೆ ಸಾಲದು. ಕೆರೆಯ ಕೆಸರು, ಸುತ್ತಲಿನ ಬಾವಿ, ಬೆಳೆದ ಸೊಪ್ಪು, ಹಸುವಿನ ಹಾಲು, ಹಿಡಿದ ಮೀನು ಎಲ್ಲವನ್ನೂ ವರ್ಷದಿಂದ ವರ್ಷಕ್ಕೆ ನೋಡುತ್ತಿರಬೇಕು. ನಮ್ಮ ಜಿಲ್ಲೆಯ ತರಕಾರಿ, ಹಾಲು ಮರಳಿ ಹೋಗುವುದು ಬೆಂಗಳೂರಿಗೇ, ಶಿವಾಜಿನಗರದ ರಸೆಲ್ ಮಾರುಕಟ್ಟೆಯಂಥ ಕಡೆಗೇ. ದಂಡಿನವರು ಈ ವಿಷಯದಲ್ಲಿ ನಮ್ಮ ಮೇಲೆ ಕರುಣೆ ತೋರಬೇಕಾಗಿಲ್ಲ, ತಮ್ಮ ತಟ್ಟೆಯನ್ನು ನೋಡಿಕೊಂಡರೆ ಸಾಕು.

ಕೊಳವೆಯೊಳಗೆ ಬಾರದ ನೀರು ಪಿನಾಕಿನಿಯಲ್ಲೇ ಹೋಗುತ್ತದೆ. ಹೊಸೂರಿನ ಕೆಲವರಪಳ್ಳಿ ಅಣೆಕಟ್ಟಿನ ಬಾಗಿಲು ತೆರೆದಾಗ ನೊರೆ ಗುಡ್ಡೆ ಬೀಳುವುದನ್ನು ಅಲ್ಲಿನವರು ಮಳೆಗಾಲದಲ್ಲಿ ಮತ್ತೆ ಮತ್ತೆ ಕಾಣುತ್ತಾರೆ. ಅಲ್ಲಿಂದ ಕಡಲೂರು ಬಹಳ ದೂರ. ನಡುವೆ ಅಣೆಕಟ್ಟುಗಳಿವೆ, ಬೇಸಿಗೆಯಲ್ಲಿ ನದಿ ಸಮುದ್ರ ಮುಟ್ಟುವುದೇ ಅಪರೂಪ. ಕಡಲೂರಿನ ಕೈಗಾರಿಕಾ ವಲಯವು ಅಲ್ಲಿನ ಉಪ್ಪನಾರು ಹೊಳೆಗೆ ಮಾಡಿದ ಅನ್ಯಾಯ ಬೇರೆಯೇ ಇದೆ. ಎಲ್ಲ ಪಾಪವನ್ನೂ ಬೆಂಗಳೂರಿನ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅಣೆಕಟ್ಟಿನ ಹೂಳಿನಲ್ಲಿ ಕೂತದ್ದು ದೊಡ್ಡ ನೆರೆ ಬಂದಾಗ ಕೂತಲ್ಲೇ ಕೂತಿರುವುದಿಲ್ಲ.

ಅಳಿವೆ ಎಂಬುದು ಸಮುದ್ರದ ತೊಟ್ಟಿಲು. ಅನೇಕ ಜಾತಿಯ ಸೀಗಡಿ ಸಮುದ್ರದಲ್ಲಿ ಮೊಟ್ಟೆಯಿಟ್ಟರೂ ಅದರ ಮರಿಗಳು ಅಳಿವೆಯ ಅರೆ ಉಪ್ಪು ನೀರಿಗೆ ಬಂದು ಬೆಳೆದು ಮರಳಿ ಹೋಗುತ್ತವೆ. ತೊಟ್ಟಿಲಿಗೆ ವಿಷ ಬಿದ್ದರೆ ಹತ್ತು ಮೈಲಿ ಆಚೆ ಬಲೆ ಬೀಸುವ ಬೆಸ್ತನ ಬಲೆ ಬರಿದಾಗುತ್ತದೆ, ಕಾರಣ ಮಾತ್ರ ಅವನ ಕಣ್ಣಿಗೆ ಕಾಣುವುದಿಲ್ಲ. ಇಲ್ಲಿಯೂ ಅಳತೆಯ ವೇಳೆಯದೇ ಪ್ರಶ್ನೆ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಉಬ್ಬರದ ಹೊತ್ತಿನಲ್ಲಿ ಸೀಸೆ ತುಂಬಿದರೆ ಸಿಕ್ಕುವುದು ಸಮುದ್ರದ ನೀರು. ಇಳಿತದಲ್ಲಿ ತುಂಬಿದರೆ ಊರಿನ ಚರಂಡಿ. ಉಪ್ಪು ನೀರು ಭಾರ, ಅಡಿಯಲ್ಲಿ ಸರಿಯುತ್ತದೆ. ಸಿಹಿ ನೀರು ಹಗುರ, ಮೇಲೆ ತೇಲುತ್ತದೆ. ಮೇಲಿನದನ್ನು ಮಾತ್ರ ನೋಡಿದವನು ಅರ್ಧ ಹೊಳೆಯನ್ನು ನೋಡಿದಂತೆ. ಪೂರ್ವ ಕರಾವಳಿಯ ಅನೇಕ ಅಳಿವೆಗಳ ಬಾಯಿ ಬೇಸಿಗೆಯಲ್ಲಿ ಮರಳುದಿಬ್ಬದಿಂದ ಮುಚ್ಚಿಕೊಳ್ಳುತ್ತದೆ; ಆಗ ಒಳಗಿನದು ಹೊರಹೋಗದೆ ಕೊಳೆಯುತ್ತದೆ. ವೇಳೆ, ಆಳ, ಋತು ಇವನ್ನು ಬರೆಯದ ಅಂಕೆಗೆ ಬೆಲೆಯಿಲ್ಲ.

ನಮ್ಮದೇ ರಾಜ್ಯದ ಅಘನಾಶಿನಿಯನ್ನು ನೋಡಿ. ಅಣೆಕಟ್ಟಿಲ್ಲದೆ ಹರಿದು ಕುಮಟೆಯ ಬಳಿ ಸಮುದ್ರ ಸೇರುವ ಹೊಳೆ. ಅಲ್ಲಿ ಸಾವಿರಾರು ಬಡ ಕುಟುಂಬಗಳು, ಅದರಲ್ಲಿಯೂ ಹೆಂಗಸರು, ಇಳಿತದ ಹೊತ್ತಿಗೆ ಕೆಸರಿಗಿಳಿದು ಚಿಪ್ಪಿ ಆರಿಸಿ ಬದುಕುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಚಿಪ್ಪಿಯು ನೀರನ್ನು ಸೋಸಿ ತಿನ್ನುವ ಪ್ರಾಣಿ. ನೀರಿನಲ್ಲಿದ್ದ ಲೋಹ, ರೋಗಾಣುಗಳೆಲ್ಲ ಅದರ ಮೈಯಲ್ಲಿ ಕೂಡಿಕೊಳ್ಳುತ್ತವೆ. ಆದ್ದರಿಂದಲೇ ಅನೇಕ ದೇಶಗಳಲ್ಲಿ ಕರಾವಳಿಯ ಆರೋಗ್ಯ ತಿಳಿಯಲು ಚಿಪ್ಪಿಯನ್ನೇ ಪರೀಕ್ಷಿಸುತ್ತಾರೆ. ತದಡಿಯಲ್ಲಿ ದೊಡ್ಡ ವಿದ್ಯುತ್ ಸ್ಥಾವರ, ಬಂದರು ಎಂದು ಯೋಜನೆಗಳು ಬಂದಾಗ ತಡೆದು ನಿಂತವರಲ್ಲಿ ಈ ಜನರೂ ಇದ್ದರು. 2024ರಲ್ಲಿ ಆ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು, ಸುಮಾರು 4,800 ಹೆಕ್ಟೇರು. ಪಟ್ಟಿಗೆ ಸೇರಿಸಿದವರು ದೆಹಲಿಯಲ್ಲಿದ್ದಾರೆ. ಉಳಿಸಿಕೊಂಡು ಬಂದವರು ಮೊಣಕಾಲುದ್ದ ಕೆಸರಿನಲ್ಲಿದ್ದಾರೆ.

ಲಂಡನ್ನಿನ ಕಥೆಯೂ ಇಲ್ಲಿ ಪ್ರಸ್ತುತ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಪಾರ್ಲಿಮೆಂಟಿನ ಕಿಟಕಿಯೊಳಗೆ ನುಗ್ಗಿತು. ಪರದೆಗಳನ್ನು ಸುಣ್ಣದ ರಾಸಾಯನಿಕದಲ್ಲಿ ಅದ್ದಿ ತೂಗುಹಾಕಿದರು. ಕಾಲರಾದಿಂದ ಬಡವರು ಸಾವಿರ ಸಾವಿರ ಸತ್ತಾಗ ಹೊರಡದ ಕಾನೂನು, ಸದಸ್ಯರ ಮೂಗಿಗೆ ನಾತ ಮುಟ್ಟಿದಾಗ ಕೆಲವೇ ವಾರಗಳಲ್ಲಿ ಹೊರಟಿತು. ಬ್ಯಾಜಲ್ಜೆಟ್ ಎಂಬ ಎಂಜಿನಿಯರು ಮಹಾ ಚರಂಡಿಗಳನ್ನು ಕಟ್ಟಿದ. ಅವು ಕೊಳೆಯನ್ನು ನಗರದ ಕೆಳಗೆ, ಅಳಿವೆಯ ಕಡೆಗೆ ಒಯ್ದು ಸುರಿದವು. 1878ರಲ್ಲಿ ಆ ಜಾಗದ ಬಳಿಯೇ ಪ್ರಿನ್ಸೆಸ್ ಆಲಿಸ್ ಎಂಬ ಹಡಗು ಮುಳುಗಿ, ವಿಹಾರಕ್ಕೆ ಹೋಗಿದ್ದ ಆರುನೂರಕ್ಕೂ ಹೆಚ್ಚು ಜನ ಆ ಹೊಲಸು ನೀರಿನಲ್ಲಿ ಸತ್ತರು. 1957ರ ಹೊತ್ತಿಗೆ ಥೇಮ್ಸ್ ಅಳಿವೆಯ ಉದ್ದಕ್ಕೂ ಮೀನೇ ಇಲ್ಲವೆಂದು ವಿಜ್ಞಾನಿಗಳು ಬರೆದರು. ಬಳಿಕ ಸಂಸ್ಕರಣಾ ಸ್ಥಾವರಗಳನ್ನು ದೊಡ್ಡದು ಮಾಡಿದರು, ನದಿಯನ್ನು ಬಿಡದೆ ಅಳೆದರು. 1974ರಲ್ಲಿ ಸಾಲ್ಮನ್ ಮೀನು ಮರಳಿ ಸಿಕ್ಕಿತು. ಸತ್ತ ಹೊಳೆ ಬದುಕಬಲ್ಲದು, ಖರ್ಚು ಮಾಡಿದರೆ. ನಮ್ಮ ವಿಧಾನಸೌಧ ದಿಣ್ಣೆಯ ಮೇಲಿದೆ, ಬೆಳ್ಳಂದೂರಿನ ಗಾಳಿ ಅಲ್ಲಿಗೆ ಏರುವುದಿಲ್ಲ. ಅದೇ ನಮ್ಮ ತೊಂದರೆ.

ಈ ಮಾತಿನಲ್ಲಿ ಮರೆಯಬಾರದ ಇನ್ನೊಬ್ಬನಿದ್ದಾನೆ. ನೀರಿನ ಗುಣವನ್ನು ಸೀಸೆಯಲ್ಲಲ್ಲ, ತನ್ನ ಶ್ವಾಸಕೋಶದಲ್ಲಿ ಅಳೆಯುವವನು. 2017ರ ಮಾರ್ಚ್‌ನಲ್ಲಿ ಬೆಂಗಳೂರು ಪೂರ್ವದ ಸಿ.ವಿ. ರಾಮನ್ ನಗರದ ಬಳಿ ಮ್ಯಾನ್‌ಹೋಲಿಗಿಳಿದು ಮೂವರು ಸತ್ತರು. 1970ರ ದಶಕದಲ್ಲಿ ಮಂತ್ರಿ ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ಈ ರಾಜ್ಯದಲ್ಲಿ ನಿಷೇಧಿಸಿದರು. 1993ರಲ್ಲಿ, 2013ರಲ್ಲಿ ಕೇಂದ್ರದ ಕಾನೂನುಗಳು ಬಂದವು. ಆದರೂ ಇಳಿಸುವವರು ಇಳಿಸುತ್ತಾರೆ, ಇಳಿಯುವವನು ಯಾವಾಗಲೂ ಒಂದೇ ಜಾತಿಯ ಬಡವ. ಯಾವ ಚರಂಡಿ ಎಲ್ಲಿ ಕಟ್ಟಿದೆ, ಯಾವ ಕೊಳವೆ ಕದ್ದು ರಾಜಕಾಲುವೆಗೆ ಸೇರಿದೆ, ಯಾವ ರಾತ್ರಿ ಯಾವ ಬಣ್ಣದ ನೀರು ಬರುತ್ತದೆ ಎಂಬುದು ಮಂಡಳಿಯ ಪ್ರಯೋಗಶಾಲೆಗಿಂತ ಚೆನ್ನಾಗಿ ಪೌರಕಾರ್ಮಿಕರಿಗೆ ಗೊತ್ತು. ಅವರನ್ನು ಕೇಳಿದವರು ಯಾರು?

ನಮ್ಮ ಸೀಮೆಯಲ್ಲಿ ಹಿಂದೆ ಕೆರೆಗೊಬ್ಬ ನೀರಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಏರಿ ಬಿರುಕು ಬಿಟ್ಟರೆ ಊರಿಗೆ ಕೂಗಿ ಹೇಳುವುದು ಅವನ ಕೆಲಸ. ಅದು ವಂಶಪಾರಂಪರ್ಯವಾಗಿ ಬಂದ ಜೀತದಂಥ ಚಾಕರಿ. 1961ರ ಗ್ರಾಮಾಧಿಕಾರ ರದ್ದಿಯಾತಿ ಕಾನೂನು ಅಂಥ ಪದ್ಧತಿಯನ್ನು ತೆಗೆದದ್ದು ನ್ಯಾಯವೇ. ಆದರೆ ಜಾತಿಯ ಕಟ್ಟನ್ನು ತೆಗೆಯುವಾಗ ಕೆರೆ ನೋಡುವ ಕೆಲಸವನ್ನೂ ತೆಗೆದುಬಿಟ್ಟರು. ಇಂದು ಪ್ರತಿ ಕೆರೆಗೂ ಯಾವ ಜಾತಿಯವರಾದರೂ ಸರಿ, ಹೆಂಗಸಾದರೆ ಇನ್ನೂ ಒಳ್ಳೆಯದು, ಸರ್ಕಾರಿ ಸಂಬಳದ ನೀರಗಂಟಿ ಬೇಕು. ಬೆಳಗಿನ ಜಾವ ಐದಕ್ಕೊಮ್ಮೆ, ಮಧ್ಯಾಹ್ನ ಎರಡಕ್ಕೊಮ್ಮೆ ಕರಗಿದ ಆಮ್ಲಜನಕ ಅಳೆಯುವುದು, ನೀರಿನ ಬಣ್ಣ, ನೊರೆ, ಸತ್ತ ಮೀನು, ಬಂದ ಹಕ್ಕಿ ಬರೆದಿಡುವುದು. ಕೈಯಲ್ಲಿ ಹಿಡಿಯುವ ಮಾಪಕದಿಂದ ಹತ್ತನೆಯ ತರಗತಿ ಓದಿದವರು ಇದನ್ನು ಮಾಡಬಲ್ಲರು. ಲೋಹ, ರೋಗಾಣುಗಳಿಗೆ ಪ್ರಯೋಗಶಾಲೆ ಬೇಕು, ಅದು ಜಿಲ್ಲೆಯಲ್ಲೇ ಇರಲಿ. ಹಲಸೂರು ಕೆರೆಗೆ ಒಬ್ಬರು, ಬೆಳ್ಳಂದೂರು, ವರ್ತೂರಿಗೆ, ಲಕ್ಷ್ಮೀಸಾಗರಕ್ಕೆ. ಪಿನಾಕಿನಿಯ ಕೆಳಗೆ ಹೊಸೂರಿನವರು, ಕಡಲೂರಿನ ಬೆಸ್ತರು. ಸಾವಿರ ಕೋಟಿಯ ಕೊಳವೆಗೆ ಹಣ ಸಿಕ್ಕಿದ ಸರ್ಕಾರಕ್ಕೆ ಇಷ್ಟು ಸಂಬಳಕ್ಕೆ ಹಣವಿಲ್ಲ ಎಂಬ ಮಾತನ್ನು ನಾವು ನಂಬುವುದಿಲ್ಲ. ನದಿಗಳನ್ನು ಶುಚಿಗೊಳಿಸುವುದು ರಾಜಕೀಯದ ಕೆಲಸವೆಂದು ಲೋಹಿಯಾ ಅವರು 1950ರ ದಶಕದಲ್ಲೇ ಹೇಳಿದಾಗ ನಕ್ಕವರಿದ್ದರು. ಆಗ ನೀರಿಗೆ ಬೆಂಕಿ ಹತ್ತಿರಲಿಲ್ಲ.

ಬರೆದ ಅಂಕೆಗಳು ಕನ್ನಡದಲ್ಲಿ, ಕೆರೆಯ ಏರಿಯ ಮೇಲೆ, ಹಲಗೆಯಲ್ಲಿ ಸುಣ್ಣದ ಅಕ್ಷರದಲ್ಲಿ ಇರಬೇಕು. ಇಂಗ್ಲಿಷಿನ ಕೋಷ್ಟಕವಾಗಿ ಕಂಪ್ಯೂಟರಿನೊಳಗೆ ಇಟ್ಟದ್ದನ್ನು ಪ್ರಕಟಣೆ ಎನ್ನುವುದು ರೈತನ ಕಣ್ಣಿಗೆ ಮಣ್ಣೆರಚಿದಂತೆ.

ಅದುವರೆಗೆ ಕೂತಿರುವುದು ಬೇಡ. ಕೆ.ಸಿ. ವ್ಯಾಲಿಯ ನೀರು ಬಂದಿರುವ ಊರಿನ ವಾಚಕರು ಈ ವಾರವೇ 2005ರ ಮಾಹಿತಿ ಹಕ್ಕು ಕಾನೂನಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಗೂ ಸಣ್ಣ ನೀರಾವರಿ ಇಲಾಖೆಗೂ ಕನ್ನಡದಲ್ಲೇ ಅರ್ಜಿ ಹಾಕಬೇಕು. ಶುಲ್ಕ ಹತ್ತು ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಕೂಡದು, ವಿಷಯ ಒಂದೇ ಇರಬೇಕು; ಆದ್ದರಿಂದ ಕೆರೆಗೊಂದು, ಬಾವಿಗೊಂದು ಅರ್ಜಿ ಬೇರೆ ಬೇರೆ ಬರೆಯಿರಿ. ಕೇಳಬೇಕಾದದ್ದು ಇಷ್ಟು: ನಮ್ಮ ಊರಿನ ಕೆರೆಯ ನೀರನ್ನು ಕಳೆದ ಹನ್ನೆರಡು ತಿಂಗಳಲ್ಲಿ ಯಾವ ಯಾವ ದಿನ, ಎಷ್ಟು ಗಂಟೆಗೆ, ದಡದಿಂದ ಎಷ್ಟು ದೂರದಲ್ಲಿ, ಎಷ್ಟು ಆಳದಲ್ಲಿ ತೆಗೆದಿರಿ? ಫಲವೇನು? ಕೆಸರಿನ ಪರೀಕ್ಷೆ ಆಗಿದೆಯೇ? ಮೂವತ್ತು ದಿನದೊಳಗೆ ಉತ್ತರ ಬರಬೇಕು. ಬಂದ ಉತ್ತರದ, ಬಾರದಿದ್ದರೆ ಅರ್ಜಿಯ, ಒಂದು ನಕಲನ್ನು ನಮ್ಮ ಕಚೇರಿಗೆ ಕಳುಹಿಸಿದರೆ ಊರಿನ ಹೆಸರಿನೊಡನೆ ಅಚ್ಚು ಹಾಕುತ್ತೇವೆ.